‘ಮನೆಯವರು’ ಅಂದರೆ ಯಾರು?

ಬಾಗಿಲು ಮುರಿದಿರಲಿಲ್ಲ. ಕಿಟಕಿಯ ಸರಳು ಬಗ್ಗಿರಲಿಲ್ಲ. ಹಿಂಬಾಗಿಲ ಚಿಲಕ ಹಾಕಿದ್ದು ಹಾಕಿದ ಹಾಗೇ ಇತ್ತು. ಆದರೂ ಆ ಮಂಗಳವಾರ ಬೆಳಿಗ್ಗೆ ಬೈಂಡಿಂಗ್ ಅಕ್ಕನ ಮನೆಯಲ್ಲಿ ಎರಡು ವಸ್ತುಗಳು ಕಾಣೆಯಾಗಿದ್ದವು.

ಒಂದು, ಅವಳ ಅತ್ತೆಯ ಚಿನ್ನದ ಬಳೆಗಳ ಜೋಡಿ. ಬೀರುವಿನಲ್ಲಿ, ಹಳೆಯ ಸ್ವೆಟರಿನ ತೋಳಿನೊಳಗೆ ತುರುಕಿಟ್ಟಿದ್ದು. ಇನ್ನೊಂದು, ಅಕ್ಕನ ಹಿತ್ತಾಳೆ ಅಕ್ಷರಗಳ ಪೆಟ್ಟಿಗೆ. ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಪುಸ್ತಕ ಬೈಂಡಿಂಗ್ ಮಾಡುತ್ತಾಳೆ. ಶಾಲೆಯ ರಿಜಿಸ್ಟರು, ಕಾಲೇಜಿನವರ ಪ್ರಬಂಧ, ಪುಟ ಉದುರಿದ ನಿಘಂಟು, ಏನು ತಂದುಕೊಟ್ಟರೂ ಹೊಲಿದು, ಅಂಟು ಹಾಕಿ, ರಟ್ಟು ಕಟ್ಟಿ ಕೊಡುತ್ತಾಳೆ. ಆ ಹಿತ್ತಾಳೆ ಅಕ್ಷರಗಳನ್ನು ಕಾಯಿಸಿ ಚಿನ್ನದ ಬಣ್ಣದ ಹಾಳೆಯ ಮೇಲೆ ಒತ್ತಿದರೆ ರಟ್ಟಿನ ಮೇಲೆ ಹೆಸರು ಮೂಡುತ್ತದೆ. ಕೆಲಸ ಕಲಿಸಿದ ಯಜಮಾನರು ಕೊಟ್ಟುಹೋದ ಪೆಟ್ಟಿಗೆ ಅದು. ಎತ್ತಬೇಕಾದರೆ ಎರಡು ಕೈ ಬೇಕು.

ಅಕ್ಕನಿಗೆ ಮೊದಲು ಬಂದದ್ದು ಅಳುವಲ್ಲ, ಕುತೂಹಲ. ಅವಳ ಸ್ವಭಾವವೇ ಹಾಗೆ. ಬೀರುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ನೋಡಿದಳು. ಬಟ್ಟೆಯ ಒಂದು ಮಡಿಕೆಯೂ ಕದಲಿರಲಿಲ್ಲ. ಬಳೆ ತೆಗೆದ ಮೇಲೆ ಸ್ವೆಟರನ್ನು ತೋಳು ಒಳಗೆ ಮಡಚಿ ಮೊದಲಿನ ಹಾಗೇ ಇಟ್ಟಿದ್ದರು.

“ಕಳ್ಳನಿಗೆ ಸ್ವೆಟರ್ ಮಡಚಿಡೋವಷ್ಟು ಪುರುಸೊತ್ತು ಎಲ್ಲಿಂದ ಬಂತು?” ಎಂದಳು.

ಗಂಡ ಅವಳ ಪಕ್ಕ ಕೂತು ಬೀರುವಿನ ತಳ ತಡಕಾಡಿದ. ಅವನು ಲಿಫ್ಟ್ ಮೆಕ್ಯಾನಿಕ್. ದಿನವಿಡೀ ಎತ್ತರದ ಕಟ್ಟಡಗಳ ಲಿಫ್ಟುಗಳ ಹೊಟ್ಟೆಯೊಳಗೆ ಕೆಲಸ ಮಾಡುವ ಮನುಷ್ಯ, ಮಾತು ಕಡಿಮೆ. ಅತ್ತೆ ಮಂಚದ ಅಂಚಿನಲ್ಲಿ ಕೂತು ತಮ್ಮ ಖಾಲಿ ಮುಂಗೈ ನೋಡಿಕೊಳ್ಳುತ್ತಿದ್ದರು. ಮೂವರ ನಾಲಿಗೆಯ ತುದಿಯಲ್ಲೂ ಒಂದೇ ಹೆಸರಿತ್ತು. ಮೂವರೂ ಅದನ್ನು ನುಂಗಿಕೊಂಡರು.

ಅದು ಅತ್ತೆಯ ಎರಡನೆಯ ಮಗನ ಹೆಸರು. ಅಕ್ಕನ ಮೈದುನ. ಕ್ಯಾಂಟೀನುಗಳಲ್ಲಿ ಅಡುಗೆ ಮಾಡುವವನು. ಹೋದ ವರ್ಷ ಅವನಿದ್ದ ಕ್ಯಾಂಟೀನು ಮುಚ್ಚಿದಾಗ ‘ಹದಿನೈದು ದಿನ ಇದ್ದು ಹೋಗ್ತೀನಿ’ ಎಂದು ಒಂದು ಚೀಲ ಹಿಡಿದು ಬಂದವನು, ಒಂಬತ್ತು ತಿಂಗಳು ಮಹಡಿಯ ಕೋಣೆಯಲ್ಲಿದ್ದ. ಇದ್ದಷ್ಟು ದಿನ ಯಾರಿಗೂ ಭಾರವಾಗಿರಲಿಲ್ಲ. ಸೋರುವ ನಲ್ಲಿ ಸರಿಮಾಡಿದ, ಅಮ್ಮನ ಕಾಲಿಗೆ ಎಣ್ಣೆ ಹಚ್ಚಿದ, ಅಕ್ಕನ ಅಂಟು ಗಂಟಾಗದಂತೆ ಕಲಸಿಕೊಟ್ಟ. ಎರಡು ತಿಂಗಳ ಹಿಂದೆ ಊರಾಚೆಯ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಅಲ್ಲೇ ಹತ್ತಿರ ಕೋಣೆ ಬಾಡಿಗೆಗೆ ಹಿಡಿದು ಹೋದ. ಹೋಗುವಾಗ ಮನೆಯ ಬೀಗದ ಕೈಯನ್ನು ಅತ್ತಿಗೆಯ ಅಂಗೈಯಲ್ಲಿಟ್ಟು ಹೋಗಿದ್ದ. ಭಾನುವಾರ ಊಟಕ್ಕೆ ಬರುತ್ತಿದ್ದ. ಮೊನ್ನೆ ಭಾನುವಾರ ಮಾತ್ರ ಮನೆಯವರೆಲ್ಲ ಅಕ್ಕನ ತವರಿಗೆ ಹೋಗಿದ್ದರು. ಮನೆಯಲ್ಲಿ ಯಾರೂ ಇರುವುದಿಲ್ಲವೆಂದು ಅವನಿಗೆ ಗೊತ್ತಿತ್ತು.

“ಮನೆ ವಿಮೆ ಇದೆಯಲ್ಲ,” ಎಂದ ಗಂಡ ಕೊನೆಗೆ. “ಅದು ಇರೋದೇ ಇದಕ್ಕೆ.”

ಇದೆ, ನಿಜ. ಮನೆ ಕೊಂಡಾಗ ಅಕ್ಕನ ಹೆಸರಿನಲ್ಲಿ ಮಾಡಿಸಿದ್ದು. ಆ ಪಾಲಿಸಿಯ ಕಾಗದಗಳನ್ನು ಅಕ್ಕ ಅಂದವಾಗಿ ಹೊಲಿದು, ಕೆಂಪು ರೆಕ್ಸಿನ್ ಹೊದಿಸಿ, ಮೇಲೆ ‘ಮನೆ ವಿಮೆ’ ಎಂದು ಹೊಳೆಯುವ ಅಕ್ಷರ ಒತ್ತಿ ಬೀರುವಿನಲ್ಲಿಟ್ಟಿದ್ದಳು. ಒಳಗೆ ಏನು ಬರೆದಿದೆಯೆಂದು ಮಾತ್ರ ಓದಿರಲಿಲ್ಲ. ಊರಿನವರ ಪುಸ್ತಕಗಳೆಲ್ಲ ಅವಳ ಕೈ ಮೇಲೆ ಹೋಗುತ್ತವೆ. ಕಟ್ಟುವವಳಿಗೆ ಓದಲು ಬಿಡುವೆಲ್ಲಿ?

ಗಂಡ ಎದ್ದು ಹಿಂಬಾಗಿಲ ಹತ್ತಿರ ಹೋದ. ಕೈಯಲ್ಲಿ ಉದ್ದನೆಯ ಸ್ಕ್ರೂಡ್ರೈವರ್ ಇತ್ತು.

“ಅದ್ಯಾಕೆ?”

“ಕಂಪನಿಯವರು ಬಂದು ನೋಡ್ತಾರೆ. ಬಾಗಿಲು ಮುರಿದಿಲ್ಲ ಅಂದ್ರೆ ಕಳ್ಳ ಹೇಗೆ ಬಂದ ಅಂತ ಕೇಳ್ತಾರೆ. ಈ ಚಿಲಕ ಒಂದು ಮೀಟಿಬಿಟ್ರೆ ಹೊರಗಿನ ಕಳ್ಳ ಅಂತಾಗುತ್ತೆ. ಬಳೆನೂ ಬರುತ್ತೆ, ಯಾರ ಹೆಸರೂ ಎತ್ತಬೇಕಾಗಿಲ್ಲ.”

“ಮೀಟು,” ಎಂದರು ಅತ್ತೆ.

“ಒಂದು ನಿಮಿಷ ಇರಿ. ಕ್ಲೇಮ್ ಮೇಡಂ ಅವರನ್ನ ಒಂದು ಮಾತು ಕೇಳಿ ಬರ್ತೀನಿ,” ಎಂದು ಅಕ್ಕ ಚಪ್ಪಲಿ ಮೆಟ್ಟಿದಳು.

ಕ್ಲೇಮ್ ಮೇಡಂ ಇರುವುದು ನಾಲ್ಕು ಮನೆ ಆಚೆ. ವಿಮಾ ಕಚೇರಿಯಲ್ಲಿ ಜನರ ಪರಿಹಾರದ ಅರ್ಜಿಗಳನ್ನು, ಅಂದರೆ ಕ್ಲೇಮುಗಳನ್ನು, ಮೂವತ್ತು ವರ್ಷ ಪರೀಕ್ಷೆ ಮಾಡಿ ನಿವೃತ್ತರಾದವರು. ಬೀದಿಯಲ್ಲಿ ಯಾರಿಗೆ ಅರ್ಥವಾಗದ ಪತ್ರ ಬಂದರೂ ಅವರ ಮನೆಯ ಬೆಲ್ಲು ಬಾರಿಸುತ್ತಾರೆ. ಅವರು ಬಂದವರೇ ಮೊದಲು ಬೀರು ನೋಡಿದರು, ಆಮೇಲೆ ಬಾಗಿಲು, ಆಮೇಲೆ ಸ್ಕ್ರೂಡ್ರೈವರ್.

“ಇದನ್ನ ಒಳಗಿಡಿ,” ಎಂದರು.

“ಸುಮ್ನೆ ಒಂದು ಚಿಲಕ, ಮೇಡಂ.”

“ಸುಮ್ನೆ ಅಲ್ಲ. ಮೀಟಿದ ಗುರುತು ಒಳಗಿಂದ ಆಯ್ತಾ, ಹೊರಗಿಂದ ಆಯ್ತಾ ಅಂತ ಹೇಳೋರು ನಮ್ಮಲ್ಲಿದ್ರು. ಸಿಕ್ಕಿಬಿದ್ರೆ ಬಳೆ ಹಣ ಹೋಗೋದಲ್ಲದೆ ಪಾಲಿಸಿನೇ ರದ್ದಾಗುತ್ತೆ. ನಾಳೆ ಮನೆಗೆ ಬೆಂಕಿ ಬಿದ್ರೂ ಕೇಳೋರಿಲ್ಲ. ಮೇಲೆ ಸುಳ್ಳು ಕ್ಲೇಮಿನ ಕೇಸು ಬೇರೆ. ಈಗ ನೀವು ಕಳೆದುಕೊಂಡೋರು. ಚಿಲಕ ಮೀಟಿದ ಕ್ಷಣದಿಂದ ನೀವೂ ತಪ್ಪಿತಸ್ಥರು.”

ಗಂಡ ಸ್ಕ್ರೂಡ್ರೈವರನ್ನು ಬೆನ್ನ ಹಿಂದೆ ಮರೆಮಾಡಿದ, ಶಾಲೆಯಲ್ಲಿ ಸಿಕ್ಕಿಬಿದ್ದವನ ಹಾಗೆ.

ಆ ದಿನವೇ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಬೇಕು, ಕಂಪನಿಗೂ ಅವತ್ತೇ ತಿಳಿಸಬೇಕು, ತಡವಾದರೆ ಅದನ್ನೇ ನೆಪ ಮಾಡಿಕೊಳ್ಳುತ್ತಾರೆ ಎಂದರು ಮೇಡಂ. “ಗೊತ್ತಿರೋದನ್ನ ಗೊತ್ತು ಅಂತ ಬರೀರಿ. ಅನುಮಾನ ಇರೋದನ್ನ ಅನುಮಾನ ಅಂತ ಬರೀರಿ. ಎರಡನ್ನೂ ಕಲಸಬೇಡಿ.”

ಅಕ್ಕ ಹಾಗೇ ಬರೆದಳು. ಯಾರನ್ನೂ ಕಳ್ಳ ಎನ್ನಲಿಲ್ಲ. ಮನೆಯ ಬೀಗದ ಕೈ ಯಾರ್ಯಾರ ಬಳಿ ಇತ್ತು, ಯಾವಾಗಿನಿಂದ ಯಾವಾಗಿನವರೆಗೆ ಇತ್ತು ಎಂದಷ್ಟೇ ಬರೆದಳು. ಆ ಪಟ್ಟಿಯಲ್ಲಿ ಮೈದುನನ ಹೆಸರೂ ಬಂತು.

ಅತ್ತೆ ಅವತ್ತಿನಿಂದ ಸೊಸೆಯ ಜೊತೆ ಮಾತು ಬಿಟ್ಟರು. ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದರು. “ಒಂಬತ್ತು ತಿಂಗಳು ಅಂಟು ಕಲಸಿಕೊಟ್ಟವನ ಹೆಸರನ್ನ ಠಾಣೆಯಲ್ಲಿ ಬರೆಯೋರೂ ಇರ್ತಾರೆ,” ಎಂದರು ಗೋಡೆಗೆ. ಗೋಡೆಯ ಪಕ್ಕದಲ್ಲೇ ಕೂತು ಅಕ್ಕ ದಾರ ಪೋಣಿಸುತ್ತಿದ್ದಳು. ಕೇಳಿಸಿತು. ಕೇಳಿಸಲಿ ಎಂದೇ ಹೇಳಿದ್ದು.

ಗುರುವಾರ ಕಂಪನಿಯಿಂದ ಸರ್ವೆಯರ್ ಬಂದ. ನಷ್ಟ ಎಷ್ಟು, ಹೇಗಾಯಿತು ಎಂದು ನೋಡಿ ವರದಿ ಕೊಡುವವನು. ಬೂಟು ಬಾಗಿಲ ಹೊರಗೆ ಬಿಟ್ಟು ಬಂದ, ಮೆತ್ತಗೆ ಮಾತಾಡಿದ, ಎಲ್ಲವನ್ನೂ ಮುಟ್ಟಿ ನೋಡಿದ. ಬೀಗದ ತೂತಿನೊಳಕ್ಕೆ ಪುಟ್ಟ ಟಾರ್ಚು ಬಿಟ್ಟ. ಮಹಡಿಯ ಕೋಣೆಗೂ ಹೋದ. ಅಲ್ಲಿ ಈಗ ಅಕ್ಕನ ರಟ್ಟಿನ ಕಟ್ಟುಗಳು ಆಳೆತ್ತರ ನಿಂತಿದ್ದವು. ಆದರೆ ಗೋಡೆಯ ಮೊಳೆಯಲ್ಲಿ ಮೈದುನನ ಎರಡು ಶರ್ಟು ನೇತಾಡುತ್ತಿದ್ದವು. ಕಿಟಕಿಯ ಮೇಲೆ ಅವನ ಹೆಸರಿಗೆ ಬಂದ ಒಂದು ಲಕೋಟೆ ಇತ್ತು.

ಕೆಳಗಿಳಿದು ಬಂದು ಅತ್ತೆಯನ್ನು ಕೇಳಿದ. “ಅಮ್ಮ, ಈ ಮನೆಯಲ್ಲಿ ನೀವು ಎಷ್ಟು ಜನ?”

“ನಾಲ್ಕು ಜನ,” ಎಂದರು ಅತ್ತೆ.

“ಯಾರ್ಯಾರು?”

“ನಾನು, ದೊಡ್ಡ ಮಗ, ಸೊಸೆ, ಚಿಕ್ಕ ಮಗ.”

ಅಕ್ಕ ಬಾಯಿ ತೆರೆದಳು. ಅತ್ತೆ ಅವಳತ್ತ ನೋಡಿದ ನೋಟಕ್ಕೆ ಮತ್ತೆ ಮುಚ್ಚಿದಳು. ಸರ್ವೆಯರ್ ಬರೆದುಕೊಂಡ. ಅತ್ತೆಯ ಸಹಿ ಹಾಕಿಸಿಕೊಂಡು, ಚಹಾ ಕುಡಿದು, ನಮಸ್ಕಾರ ಹೇಳಿ ಹೋದ.

ಎರಡೂವರೆ ವಾರ ಕಳೆದ ಮೇಲೆ ಪತ್ರ ಬಂತು. ಒಂದೇ ಪುಟ. ಕ್ಲೇಮ್ ತಿರಸ್ಕರಿಸಲಾಗಿದೆ. ಅಕ್ಕ ಪತ್ರವನ್ನೂ ಕೆಂಪು ಪುಸ್ತಕವನ್ನೂ ಹಿಡಿದು ಮೇಡಂ ಮನೆಗೆ ಹೊರಟಳು. ಅತ್ತೆ ಗೋಡೆಯತ್ತ ತಿರುಗಿ, “ಈ ಕಂಪನಿಗಳ ಹಣೆಬರಹವೇ ಇಷ್ಟು. ಕಟ್ಟಿಸ್ಕೊಳ್ಳೋವಾಗ ಅಣ್ಣಾ ಅಕ್ಕಾ ಅಂತಾರೆ, ಕೊಡೋವಾಗ ಮುಖ ತಿರುಗಿಸ್ತಾರೆ,” ಎಂದರು. ಆದರೆ ಕುತೂಹಲ ತಡೆಯಲಾಗದೆ ಅವರೂ ಹಿಂದೆಯೇ ಬಂದರು, ಹತ್ತು ಹೆಜ್ಜೆ ದೂರ ಇಟ್ಟುಕೊಂಡು.

ಮೇಡಂ ಪತ್ರವನ್ನು ಗಟ್ಟಿಯಾಗಿ ಓದಿದರು. “‘ಬಾಗಿಲು, ಬೀಗಗಳಿಗೆ ಹಾನಿಯಾಗಿಲ್ಲ. ಅನುಮಾನಿತ ವ್ಯಕ್ತಿ ವಿಮೆದಾರರ ಮನೆಯಲ್ಲೇ ವಾಸವಾಗಿದ್ದಾರೆಂದು ವಿಮೆದಾರರ ಅತ್ತೆಯವರು ಸಹಿ ಮಾಡಿದ ಹೇಳಿಕೆಯಿಂದ ತಿಳಿದುಬರುತ್ತದೆ. ಮನೆಯವರೇ ಮಾಡುವ ಕಳ್ಳತನಕ್ಕೆ ಪಾಲಿಸಿಯ ಹನ್ನೊಂದನೆಯ ಷರತ್ತಿನ ಪ್ರಕಾರ ಪರಿಹಾರವಿಲ್ಲ.’”

ಅತ್ತೆ ಬಾಗಿಲಲ್ಲೇ ನಿಂತಿದ್ದರು. “ನಾನು ಹಾಗೆಲ್ಲಿ ಹೇಳಿದೆ?” ಎಂದರು. ಗೋಡೆಗಲ್ಲ, ನೇರವಾಗಿ ಮೇಡಂಗೆ.

“ನಾಲ್ಕು ಜನ ಅಂದ್ರಂತಲ್ಲ.”

“ಅಂದೆ. ಅವನು ನನ್ನ ಮಗ. ಎಲ್ಲಿದ್ರೂ ಅವನನ್ನ ಬಿಟ್ಟು ಎಣಿಸೋಕಾಗುತ್ತಾ?”

“ಆಗಲ್ಲ,” ಎಂದರು ಮೇಡಂ. “ಆದ್ರೆ ಆತ ಕೇಳಿದ್ದು ಈ ಮನೆಯಲ್ಲಿ ಮಲಗಿ ಏಳೋರು ಎಷ್ಟು ಜನ ಅಂತ. ನೀವು ಹೇಳಿದ್ದು ನಿಮ್ಮ ಮಕ್ಕಳ ಲೆಕ್ಕ. ಒಳಗೆ ಬನ್ನಿ, ಕೂತ್ಕೊಳ್ಳಿ.”

ಅತ್ತೆ ಕೂತರು. ಮೇಡಂ ಕೆಂಪು ಪುಸ್ತಕ ಬಿಡಿಸಿದರು. ಮೊದಲ ಪುಟ ಬಿಟ್ಟು, ಮೊತ್ತ ಬರೆದ ಪುಟವನ್ನೂ ಬಿಟ್ಟು, ‘ಪದಗಳ ಅರ್ಥ’ ಎಂಬ ಪುಟಕ್ಕೆ ಬಂದು ನಿಂತರು.

“ಎಲ್ಲರೂ ಎಷ್ಟು ದುಡ್ಡು ಸಿಗುತ್ತೆ ಅನ್ನೋ ಪುಟ ಓದ್ತಾರೆ. ಓದಬೇಕಾದ ಪುಟ ಇದು. ನಾವು ದಿನಾ ಆಡೋ ಮಾತಿಗೆ ಇವರ ಪುಸ್ತಕದಲ್ಲಿ ಬೇರೆ ಅರ್ಥ ಇರುತ್ತೆ. ನೋಡಿ, ‘ಕಳ್ಳತನ’ ಅಂದ್ರೆ ಏನು ಅಂತಲೇ ಬರೆದಿದ್ದಾರೆ.”

ಅಕ್ಕ ಬಗ್ಗಿ ಓದಿದಳು. ಬೀಗ ಒಡೆದು, ಬಾಗಿಲು ಮುರಿದು, ಅಥವಾ ನಕಲಿ ಕೀಲಿ ಬಳಸಿ ಒಳನುಗ್ಗಿ ವಸ್ತುಗಳನ್ನು ಒಯ್ಯುವುದು. “ನಕಲಿ ಕೀಲಿ ಅಂತಲೂ ಇದೆಯಲ್ಲ ಮೇಡಂ. ಹಾಗಾದ್ರೆ ಬಾಗಿಲು ಮುರಿದಿಲ್ಲ ಅನ್ನೋದು ಕಾರಣನೇ ಅಲ್ಲ.”

“ಈ ಪಾಲಿಸಿಯಲ್ಲಿ ಅಲ್ಲ. ಕೆಲವದರಲ್ಲಿ ಆ ಎರಡು ಪದ ಇರೋದೇ ಇಲ್ಲ. ಅಂಥವರಿಗೆ ಬಾಗಿಲು ಮುರಿದಿದ್ರೆ ಮಾತ್ರ ಪರಿಹಾರ. ಮುಂದೆ ಓದು.”

ಅಕ್ಕನ ಬೆರಳು ಸಾಲಿನಿಂದ ಸಾಲಿಗೆ ಇಳಿಯಿತು. ಇಷ್ಟು ವರ್ಷ ಸಾವಿರಾರು ಪುಟ ಹೊಲಿದವಳನ್ನು ಒಂದು ಪುಟ ಹೀಗೆ ಹಿಡಿದು ನಿಲ್ಲಿಸಿದ್ದು ಇದೇ ಮೊದಲು. “‘ಮನೆಯವರು: ವಿಮೆದಾರರ ಜೊತೆ ಅದೇ ಮನೆಯಲ್ಲಿ ಖಾಯಂ ಆಗಿ ವಾಸಿಸುವ ರಕ್ತಸಂಬಂಧಿಗಳು ಅಥವಾ ವಿವಾಹಸಂಬಂಧಿಗಳು.’”

“ನಮ್ಮ ಕಾಲದಲ್ಲಿ ಮನೆಯವರು ಅಂದ್ರೆ ಗಂಡ,” ಎಂದರು ಅತ್ತೆ.

ಅಕ್ಕನಿಗೆ ನಗು ಬಂತು. ಮೂರು ವಾರದಲ್ಲಿ ಮೊದಲ ಸಲ ಅತ್ತೆಯ ತುಟಿಯೂ ಅಲುಗಿತು.

“ಖಾಯಂ ಆಗಿ,” ಎಂದು ಮೇಡಂ ಆ ಪದದ ಮೇಲೆ ಬೆರಳಿಟ್ಟರು. “ಇಲ್ಲೇ ಇರೋದು ವಿಷಯ. ಸಂಬಂಧ ಇದ್ರೆ ಸಾಲದು, ಇದೇ ಮನೆಯಲ್ಲಿ ವಾಸ ಇರಬೇಕು. ಅವನು ಕಳ್ಳತನ ಆದ ದಿನ ಎಲ್ಲಿ ವಾಸ ಇದ್ದ?”

“ಕಾರ್ಖಾನೆ ಹತ್ತಿರದ ಕೋಣೆಯಲ್ಲಿ. ಹೋಗಿ ಎರಡು ತಿಂಗಳಾಗಿತ್ತು.”

“ಕಳ್ಳತನ ಯಾವತ್ತಾಯ್ತು ಅಂತ ಹೇಗೆ ಹೇಳ್ತೀಯ? ಅವನು ಇಲ್ಲೇ ಇದ್ದಾಗಲೇ ಆಗಿರಬಹುದು, ಈಗ ಕಂಡಿದೆ ಅಷ್ಟೆ ಅಂತಾರೆ.”

ಅಕ್ಕ ಯೋಚಿಸಿದಳು. ಹಿತ್ತಾಳೆ ಅಕ್ಷರಗಳನ್ನು ಅವಳು ಕೊನೆಯದಾಗಿ ಬಳಸಿದ್ದು ಶುಕ್ರವಾರ ಸಂಜೆ. ಕಾಲೇಜಿನ ಹುಡುಗಿಯೊಬ್ಬಳ ಪ್ರಬಂಧಕ್ಕೆ ಹೆಸರು ಒತ್ತಿ ಶನಿವಾರ ಕೊಟ್ಟಿದ್ದಳು, ರಸೀದಿಯಲ್ಲಿ ತಾರೀಕಿತ್ತು. ಬಳೆಗಳನ್ನು ಅತ್ತೆ ಅದರ ಹಿಂದಿನ ವಾರ ಒಂದು ಮದುವೆಗೆ ಹಾಕಿಕೊಂಡು ಹೋಗಿದ್ದರು, ಫೋಟೋದಲ್ಲಿ ಕಾಣುತ್ತಿತ್ತು.

“ಭೇಷ್. ಅವನು ಬೇರೆ ಕಡೆ ಇದ್ದ ಅನ್ನೋದಕ್ಕೆ ಏನಿದೆ?”

ಗುರುತಿನ ಚೀಟಿಯಲ್ಲಿ ಅವನದು ಇನ್ನೂ ಇದೇ ಮನೆಯ ವಿಳಾಸ. ಶರ್ಟು ಇಲ್ಲಿ, ಪತ್ರ ಬರುವುದು ಇಲ್ಲಿಗೆ. ಬಾಡಿಗೆ ಕರಾರಿನ ಕಾಗದ ಬೇಕಿತ್ತು. ಅದು ಅವನ ಹತ್ತಿರ ಇತ್ತು. ಅವನ ಫೋನು ಮೂರು ವಾರದಿಂದ ಸತ್ತಿತ್ತು, ಭಾನುವಾರದ ಊಟಕ್ಕೂ ಬಂದಿರಲಿಲ್ಲ, ಕೋಣೆ ಯಾವ ಬೀದಿಯಲ್ಲಿದೆಯೆಂದು ಅಕ್ಕನಿಗೆ ಗೊತ್ತಿರಲಿಲ್ಲ.

“ಒಂದು ವೇಳೆ,” ಎಂದು ಅಕ್ಕ ನಿಧಾನವಾಗಿ ಕೇಳಿದಳು, “ಅವನು ಇಲ್ಲೇ ಇದ್ದಾಗ ಹೀಗಾಗಿದ್ರೆ?”

“ಒಂದು ಕಾಸೂ ಸಿಗ್ತಿರಲಿಲ್ಲ. ಅದರಲ್ಲಿ ಕಂಪನಿದು ತಪ್ಪೂ ಇರ್ತಿರಲಿಲ್ಲ. ಅದೇ ಷರತ್ತಿಗೆ ನೀವು ಒಪ್ಪಿ ಸಹಿ ಹಾಕಿದ್ದೀರಿ. ಒಂಬತ್ತು ತಿಂಗಳು ಅವನು ಮಹಡಿ ಮೇಲಿದ್ದಾಗ ಈ ಪುಟ ಓದಿದ್ದಿದ್ರೆ, ಬಳೆನ ಬ್ಯಾಂಕಿನ ಲಾಕರ್‌ನಲ್ಲಿ ಇಡ್ತಿದ್ರಿ. ಇಲ್ಲ, ಹೆಚ್ಚು ಕಂತು ಕಟ್ಟಿ ಇನ್ನಷ್ಟು ರಕ್ಷಣೆ ಸಿಗುತ್ತಾ ಅಂತ ಕೇಳ್ತಿದ್ರಿ.”

ಅತ್ತೆ ಎದ್ದು ನಿಂತರು. “ಅವನು ಎಲ್ಲಿದ್ದಾನೆ ಅಂತ ನಂಗೊತ್ತು. ಬಸ್ಸು ಎಷ್ಟು ಹೊತ್ತಿಗೆ?” ಎಂದು ಸೊಸೆಯನ್ನು ಕೇಳಿದರು.

ಕಾರ್ಖಾನೆಯ ಹಿಂದಿನ ಬೀದಿಯಲ್ಲಿ, ಸೈಕಲ್ ಅಂಗಡಿಯ ಮೇಲೆ ಅವನ ಕೋಣೆ. ಮಧ್ಯಾಹ್ನದ ಪಾಳಿ ಮುಗಿಸಿ ಬಂದಿದ್ದ. ಬಾಗಿಲು ತೆರೆದವನು ಅಮ್ಮನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದ. ಒಳಗೆ ಒಂದು ಚಾಪೆ, ಒಂದು ಸ್ಟೌ, ಗೋಡೆಗೆ ಒರಗಿಸಿದ ಹೊಸ ತಗಡಿನ ಬೋರ್ಡು. ಬೋರ್ಡಿನ ಮೇಲೆ ‘ಬಿಸಿ ಊಟ ಸಿಗು...’ ಎಂದು ಬಣ್ಣದಲ್ಲಿ ಅರ್ಧ ಬರೆದಿತ್ತು.

“ಬಳೆ ಎಲ್ಲಿ?” ಎಂದರು ಅತ್ತೆ. ಬೇರೆ ಪೀಠಿಕೆಯಿಲ್ಲ.

ಅವನು ಸುಳ್ಳು ಹೇಳಬಹುದಿತ್ತು. ಹೇಳಲು ಬಾಯಿ ತೆರೆದ ಕೂಡ. ಆಮೇಲೆ ಚಾಪೆಯ ಮೇಲೆ ಕುಸಿದು ಕೂತ.

“ಮಾರಿಬಿಟ್ಟೆ, ಅಮ್ಮ. ಸ್ವಂತಕ್ಕೆ ಒಂದು ತಳ್ಳುಗಾಡಿ ಮಾಡ್ಕೋಬೇಕು ಅಂತಿದ್ದೆ. ಆರು ತಿಂಗಳಲ್ಲಿ ಅಂಥದ್ದೇ ತಂದಿಡ್ತೀನಿ, ನೀನು ಬೀರು ತೆಗೆದು ನೋಡೋದೇ ಇಲ್ಲ ಅಂದ್ಕೊಂಡೆ.”

“ಕೀಲಿ?” ಎಂದಳು ಅಕ್ಕ.

“ಇಲ್ಲಿಗೆ ಬರೋ ಮುಂಚೆ ಒಂದು ನಕಲು ಮಾಡಿಸಿದ್ದೆ, ಅತ್ತಿಗೆ. ಕಳ್ಳತನಕ್ಕಲ್ಲ. ಪಾಳಿ ಮುಗಿಸಿ ಇಲ್ಲಿಂದ ಯಾವತ್ತಾದ್ರೂ ರಾತ್ರಿ ತಡವಾಗಿ ಮನೆಗೆ ಬಂದ್ರೆ ನಿಮ್ಮನ್ನ ಎಬ್ಬಿಸೋದು ಬೇಡ ಅಂತ. ಆಮೇಲೆ ಅದು ಜೇಬಲ್ಲೇ ಉಳೀತು.”

“ನನ್ನ ಅಕ್ಷರದ ಪೆಟ್ಟಿಗೆ?”

ಅವನು ತಲೆ ತಗ್ಗಿಸಿದ. “ಗುಜರಿಗೆ ಹಾಕಿದೆ. ಹಳೇ ಸಾಮಾನು, ಈಗ ಎಲ್ಲಾ ಕಂಪ್ಯೂಟರ್‌ನಲ್ಲೇ ಆಗುತ್ತಲ್ಲ ಅಂತ...”

ಒಂಬತ್ತು ತಿಂಗಳು ಅವಳ ಎದುರಿಗೇ ಕೂತು ಅಂಟು ಕಲಸಿದವನು. ಅವಳು ಒಂದೊಂದೇ ಅಕ್ಷರ ಕಾಯಿಸಿ ಒತ್ತುವುದನ್ನು ನೋಡಿದವನು. ಬಳೆಯ ಮಾತಿಗಿಂತ ಈ ಮಾತು ಅಕ್ಕನಿಗೆ ಹೆಚ್ಚು ನಾಟಿತು. ಕಿಟಕಿಯ ಕಡೆ ತಿರುಗಿ ನಿಂತಳು. ಕೆಳಗೆ ಯಾರೋ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು.

ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ. “ಬಾಡಿಗೆ ಕಾಗದ ತೆಗಿ,” ಎಂದರು. ಅವನು ಕೊಟ್ಟ. “ಚಪ್ಪಲಿ ಹಾಕ್ಕೋ. ಠಾಣೆಗೆ ಹೋಗಿ ಈಗ ಹೇಳಿದ್ದನ್ನೇ ಹೇಳು. ನಾನು ಜೊತೆಗೆ ಬರ್ತೀನಿ.”

ಬಸ್ಸಿನಲ್ಲಿ ಮೂವರೂ ಒಂದೇ ಸೀಟಿನಲ್ಲಿ ಕೂತರು, ಮಧ್ಯದಲ್ಲಿ ಅವನು.

ಮರುದಿನ ಕಂಪನಿಯ ದೂರು ವಿಭಾಗಕ್ಕೆ ಪತ್ರ ಬರೆಯಲು ಕೂತರು. ಸಿಟ್ಟಿನ ಮಾತು ಒಂದೂ ಬೇಡ ಎಂದರು ಮೇಡಂ. “ಅವರು ಯಾವ ಷರತ್ತು ಹೇಳಿದ್ದಾರೋ ಅದೇ ಷರತ್ತಿಗೆ ಉತ್ತರ ಕೊಡಿ. ಸಾಕ್ಷಿ ಜೊತೆಗಿಡಿ. ಪ್ರತಿಯೊಂದರ ನಕಲೂ ನಿಮ್ಮ ಹತ್ತಿರ ಇರಲಿ.” ಬಾಡಿಗೆ ಕರಾರು, ಕ್ಯಾಂಟೀನಿನ ಹಾಜರಿಯ ಪ್ರತಿ, ಮಹಡಿಯ ಕೋಣೆಗೆ ರಟ್ಟು ತರಿಸಿ ತುಂಬಿದ ದಿನದ ಬಿಲ್ಲು, ಪ್ರಬಂಧದ ರಸೀದಿ, ಮದುವೆಯ ಫೋಟೋ, ಠಾಣೆಯ ಕಾಗದ. ಕೊನೆಯಲ್ಲಿ ಒಂದು ಉಳಿಯಿತು. ಅತ್ತೆಯ ಹೊಸ ಹೇಳಿಕೆ.

“ಇದಕ್ಕೆ ಸಹಿ ಹಾಕೋ ಮುಂಚೆ ಒಂದು ವಿಷಯ ಹೇಳಬೇಕು,” ಎಂದರು ಮೇಡಂ. “ಕಂಪನಿ ನಿಮಗೆ ಹಣ ಕೊಟ್ರೆ, ಆ ಹಣವನ್ನ ಕದ್ದವನಿಂದ ವಸೂಲು ಮಾಡೋ ಹಕ್ಕು ಅವರಿಗೆ ಬರುತ್ತೆ. ಅಂದ್ರೆ ನಿಮ್ಮ ಮಗನ ಹಿಂದೆ ಬೀಳ್ತಾರೆ. ಠಾಣೆಯ ಕೇಸು ಬೇರೆ ಇದ್ದೇ ಇದೆ. ಆಮೇಲೆ ನನಗೆ ಯಾರೂ ಹೇಳಲಿಲ್ಲ ಅನ್ನಬೇಡಿ.”

ದೊಡ್ಡ ಮಗ ಅಮ್ಮನ ಮುಖ ನೋಡಿದ. “ಬೇಡ ಅಂದ್ರೆ ಬೇಡಮ್ಮ. ಇಲ್ಲಿಗೇ ಬಿಟ್ಟುಬಿಡೋಣ.”

ಅತ್ತೆ ಕಾಗದವನ್ನು ದೂರ ಹಿಡಿದು ಓದಿದರು. ‘ನನ್ನ ಕಿರಿಯ ಮಗ ಈ ಮನೆಯಲ್ಲಿ ವಾಸವಾಗಿಲ್ಲ.’ ಮೇಡಂ ಟೈಪು ಮಾಡಿದ್ದ ಸಾಲು. ಅದನ್ನೇ ಮೂರು ಸಲ ಓದಿದರು. ಒಂದು ಸಾಲನ್ನು ಇಷ್ಟು ಹೊತ್ತು ಓದಬಹುದೆಂದು ಅಕ್ಕನಿಗೆ ಗೊತ್ತಿರಲಿಲ್ಲ.

“ವಸೂಲು ಮಾಡ್ಲಿ,” ಎಂದರು ಅತ್ತೆ ಕೊನೆಗೆ. “ನಾನು ಕೇಳಿದ್ರೆ ಅವನು ಅತ್ತು ಕರೆದು ತಪ್ಪಿಸ್ಕೊಳ್ತಾನೆ, ನಾನೂ ಬಿಟ್ಟುಬಿಡ್ತೀನಿ. ಕಂಪನಿಯವರಿಗೆ ಕಣ್ಣೀರು ನಡೆಯಲ್ಲ. ತಿಂಗಳು ತಿಂಗಳು ಕಟ್ಟಲಿ, ಬುದ್ಧಿ ಬರುತ್ತೆ.” ಪೆನ್ನು ತೆಗೆದುಕೊಂಡು ಸಹಿ ಹಾಕಿದರು. ಆಮೇಲೆ ಸೊಸೆಯ ಕಡೆ ತಿರುಗಿ, “ನೀನು ಅವತ್ತು ಪಟ್ಟಿಯಲ್ಲಿ ಅವನ ಹೆಸರು ಬರೆದೆಯಲ್ಲ. ನಾನು ನಿನ್ನ ಜಾಗದಲ್ಲಿದ್ದಿದ್ರೆ ಬರೀತಿರಲಿಲ್ಲ,” ಎಂದರು. ಅದು ಹೊಗಳಿಕೆಯೋ ಬೈಗುಳವೋ ಅಕ್ಕನಿಗೆ ತಿಳಿಯಲಿಲ್ಲ. ಆದರೆ ಗೋಡೆಗೆ ಹೇಳಿದ್ದಲ್ಲ, ಅಷ್ಟು ಸಾಕಾಯಿತು.

ಉತ್ತರ ಬರಲು ಐದು ವಾರ ಹಿಡಿಯಿತು. ನಡುವೆ ಎರಡು ಸಲ ಫೋನು ಮಾಡಿ ಅದೂ ಇದೂ ಕೇಳಿದರು. ಸರ್ವೆಯರ್ ಇನ್ನೊಮ್ಮೆ ಬಂದ. ಈ ಸಲ ಅತ್ತೆಯನ್ನು, “ಇಲ್ಲಿ ವಾಸ ಇರೋರು?” ಎಂದು ಕೇಳಿದ. “ಮೂರು ಜನ,” ಎಂದು ಹೇಳಿ ಅತ್ತೆ ಒಳಗೆ ಹೋದರು.

ಬಳೆಗಳಿಗೆ ಪರಿಹಾರ ಮಂಜೂರಾಯಿತು. ವಿಮೆ ಮಾಡಿಸುವಾಗ ಗಂಡ ಅವುಗಳ ತೂಕ ಬರೆದು ಫೋಟೋ ಕೊಟ್ಟಿದ್ದು ಉಪಯೋಗಕ್ಕೆ ಬಂತು. ಹಿತ್ತಾಳೆ ಅಕ್ಷರಗಳಿಗೆ ಏನೂ ಸಿಗಲಿಲ್ಲ. ದುಡಿಮೆಯ ಸಾಮಾನಿಗೆ ಮನೆ ವಿಮೆ ಅನ್ವಯಿಸುವುದಿಲ್ಲ, ಅದಕ್ಕೆ ಬೇರೆಯೇ ಪಾಲಿಸಿ ಬೇಕು ಎಂದು ಇಪ್ಪತ್ತಮೂರನೆಯ ಷರತ್ತು ತೋರಿಸಿದರು. ಅಕ್ಕ ಪುಸ್ತಕ ತೆಗೆದು ನೋಡಿದಳು. ಹೌದು, ಹಾಗೇ ಬರೆದಿತ್ತು. ವಾದಿಸಲು ಏನೂ ಇರಲಿಲ್ಲ. ಈಗ ಅವಳು ರಟ್ಟಿನ ಮೇಲೆ ಹೆಸರುಗಳನ್ನು ಸಣ್ಣ ಕುಂಚದಿಂದ ಬರೆಯುತ್ತಾಳೆ. ನಿಧಾನದ ಕೆಲಸ, ಕತ್ತು ನೋಯುತ್ತದೆ. ಹಳೆಯ ಮುದ್ರಣಾಲಯವೊಂದು ಮುಚ್ಚುತ್ತಿದೆಯಂತೆ, ಅಲ್ಲಿ ಅಕ್ಷರಗಳು ಸಿಗಬಹುದೆಂದು ಯಾರೋ ಹೇಳಿದ್ದಾರೆ. ಬೈಂಡಿಂಗ್ ಕೋಣೆಗೆಂದೇ ಒಂದು ಸಣ್ಣ ಪಾಲಿಸಿಯನ್ನೂ ಮಾಡಿಸಿದ್ದಾಳೆ. ಸಹಿ ಹಾಕುವ ಮುಂಚೆ ಅದನ್ನು ಏಜೆಂಟನ ಎದುರಿಗೇ ಕೊನೆಯ ಪುಟದವರೆಗೆ ಓದಿದಳು. ಏಜೆಂಟ್ ಮೂರು ಸಲ ಗಡಿಯಾರ ನೋಡಿದ.

ಮೈದುನನ ಕೇಸು ಇನ್ನೂ ನಡೆಯುತ್ತಿದೆ. ತಾನಾಗಿ ಬಂದು ಒಪ್ಪಿಕೊಂಡದ್ದನ್ನು ಠಾಣೆಯಲ್ಲಿ ಬರೆದುಕೊಂಡಿದ್ದಾರೆ. ಸಂಬಳದಲ್ಲಿ ಒಂದು ಭಾಗ ಪ್ರತಿ ತಿಂಗಳೂ ಕಂಪನಿಗೆ ಹೋಗುತ್ತದೆ. ಭಾನುವಾರ ಊಟಕ್ಕೆ ಬರುತ್ತಾನೆ, ಈಗ ಬೆಲ್ಲು ಬಾರಿಸಿ ಕಾಯುತ್ತಾನೆ. ಬಾಗಿಲಿಗೆ ಹೊಸ ಬೀಗ ಹಾಕಿಸಿದ್ದಾರೆ. ಅತ್ತೆ ಅವನಿಗೆ ಬಡಿಸುತ್ತಾರೆ, ಎದುರಿಗೆ ಕೂರುವುದಿಲ್ಲ.

ಅತ್ತೆ ಈಗ ಬೀದಿಯ ಮಹಿಳಾ ಸಂಘದ ಸಭೆಗೆ ತಪ್ಪದೆ ಹೋಗುತ್ತಾರೆ. ವಿಮೆಯೆಂದರೆ ಮೂಗು ಮುರಿಯುತ್ತಿದ್ದವರು ಇವರೇನಾ ಎನ್ನಿಸಬೇಕು. ಯಾರಾದರೂ “ನಮ್ಮನೇಲಿ ಅಂಥೋರು ಯಾರೂ ಇಲ್ಲ ಬಿಡಿ” ಎಂದರೆ, “ನಮ್ಮನೇಲೂ ಇರಲಿಲ್ಲ,” ಎನ್ನುತ್ತಾರೆ. ಆಮೇಲೆ ಮೂರು ಪ್ರಶ್ನೆ ಕೇಳುತ್ತಾರೆ. ನಿಮ್ಮ ಮನೆ ಬೀಗದ ಕೈ ಯಾರ್ಯಾರ ಹತ್ತಿರ ಇದೆ? ನಿಮ್ಮ ಪಾಲಿಸಿಯಲ್ಲಿ ಮನೆಯವರು ಅಂದ್ರೆ ಯಾರು? ಗೊತ್ತಿಲ್ವಾ? ಹಾಗಾದ್ರೆ ಇಲ್ಲಿ ಕೂತು ಏನು ಮಾಡ್ತಿದ್ದೀರಿ, ಹೋಗಿ ನೋಡ್ಕೊಂಡು ಬನ್ನಿ.

ಇದನ್ನು ಓದುತ್ತಿರುವ, ಇಲ್ಲವೇ ಯಾರೋ ಓದಿ ಹೇಳುತ್ತಿರುವುದನ್ನು ಕೇಳುತ್ತಿರುವ ನಿಮಗೂ ಅದೇ ಮಾತು. ನಿಮ್ಮ ಮನೆಯಲ್ಲಿ ತಂಗಿಯ ಮಗನೋ, ಭಾವನೋ, ದೂರದ ಚಿಕ್ಕಪ್ಪನೋ ಬಂದು ಉಳಿದಿದ್ದರೆ ಅವರನ್ನು ಅನುಮಾನಿಸಬೇಕಾಗಿಲ್ಲ. ಒಬ್ಬರು ಹೊಸದಾಗಿ ಬಂದು ಸೇರಿದಾಗ, ಇದ್ದವರೊಬ್ಬರು ಬೇರೆ ಹೋದಾಗ, ನಿಮ್ಮ ಮನೆ ವಿಮೆಯ ಪುಸ್ತಕ ಒಮ್ಮೆ ತೆಗೆಯಿರಿ. ಪದಗಳ ಅರ್ಥ ಬರೆದ ಪುಟವನ್ನೂ, ಯಾವುದಕ್ಕೆ ಪರಿಹಾರವಿಲ್ಲ ಎಂದು ಬರೆದ ಪುಟವನ್ನೂ ಓದಿ. ಒಂದೊಂದು ಕಂಪನಿಯ ಮಾತು ಒಂದೊಂದು ಥರ, ಆದ್ದರಿಂದ ನೆರೆಮನೆಯವರ ಪಾಲಿಸಿ ನೋಡಿ ನಿಮ್ಮದೂ ಹೀಗೇ ಅಂದುಕೊಳ್ಳಬೇಡಿ. ಬೆಲೆಬಾಳುವ ವಸ್ತುಗಳ ಫೋಟೋ, ರಸೀದಿ ಮನೆಯ ಹೊರಗೆ ಇನ್ನೊಂದು ಕಡೆಯೂ ಇರಲಿ. ಕಳ್ಳತನವಾದರೆ ಬಾಗಿಲು ಮುಟ್ಟಬೇಡಿ, ಸುಳ್ಳು ಸೇರಿಸಬೇಡಿ, ಅವತ್ತೇ ಠಾಣೆಗೂ ಕಂಪನಿಗೂ ತಿಳಿಸಿ. ‘ಈ ಮನೆಯಲ್ಲಿ ಎಷ್ಟು ಜನ’ ಎಂದು ಯಾರಾದರೂ ಕೇಳಿದರೆ, ಏನನ್ನು ಕೇಳುತ್ತಿದ್ದಾರೆಂದು ಮೊದಲು ತಿಳಿದುಕೊಂಡು ಆಮೇಲೆ ಉತ್ತರಿಸಿ. ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಅಲ್ಲೂ ಆಗದಿದ್ದರೆ ವಿಮೆಯ ದೂರುಗಳನ್ನು ವಿಚಾರಿಸುವ ಹೊರಗಿನ ಅಧಿಕಾರಿಗಳು ಯಾರೆಂದು ಕೇಳಿ ತಿಳಿದುಕೊಳ್ಳಿ.

ಅರ್ಥವಾಗದ ಪದ ಸಿಕ್ಕರೆ ಅದರ ಕೆಳಗೆ ಗೆರೆ ಎಳೆದು, ಗೊತ್ತಿದ್ದವರ ಬಾಗಿಲು ತಟ್ಟಿ. ಇವತ್ತು ಸಂಜೆಯೇ ತಟ್ಟಿ. ಏನೂ ಕಳೆದುಹೋಗದೆ ಇರುವಾಗ ಕೇಳುವ ಪ್ರಶ್ನೆಗೆ ಯಾರೂ ಮುಖ ಸಿಂಡರಿಸುವುದಿಲ್ಲ.